ನಡೆದಾಡುವ ದಾಸೋಹ



ದಾನವೆಂಬದು ಎಲ್ಲ ಮತಗಳಲ್ಲಿಯೂ ಉಂಟು. ದಾಸೋಹವೆಂಬದು ಶಿವಶರಣರು ಲೋಕಕ್ಕೆ ಇತ್ತ ವಿಶೇಷವಾದ ತತ್ತ್ವ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸ, ಕೊಳ್ಳುವವನು ಶಿವಸ್ವರೂಪಿ. ಈ ಭೇದವು ನುಡಿಯುವದಕ್ಕೆ ಸುಲಭ, ನಡೆಯುವದಕ್ಕೆ ಕಠಿಣ. ಅದು ಪರೀಕ್ಷೆಗೆ ಗುರಿಯಾಗುವ ಸ್ಥಳಗಳು ಹಲವು. ಅವುಗಳಲ್ಲಿ ಬಡವರ ಕೂಸು ನರಳುತ್ತ ಮಲಗಿರುವ ಆಸ್ಪತ್ರೆಯ ಹಾಸಿಗೆಯೂ ಒಂದು.

ಬೆಳಗಾವಿಯ ದಕ್ಷಿಣಕ್ಕಿರುವ ಅನಗೋಳವು ಹಿಂದೆ ಒಕ್ಕಲುತನದ ಹಳ್ಳಿಯಾಗಿದ್ದು, ಇಂದು ನಗರದ ಒಡಲಲ್ಲಿಯೇ ಸೇರಿಹೋಗಿದೆ. ಸಮೀಪದ ಉದ್ಯಮಬಾಗದ ಎರಕದ ಕಾರಖಾನೆಗಳಲ್ಲಿ ದುಡಿಯುವವರ ಮನೆಗಳು ಅಲ್ಲಿ ಬಹಳ. ಅದರ ಹತ್ತಿರವೇ ಖಾನಾಪುರದ ರಸ್ತೆ ಹಾಯ್ದುಹೋಗಿದೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿ ದಾರಿಗಳು ಕಡಿದಾಗ, ಖಾನಾಪುರದ ಅಡವಿಯೊಳಗಿನ ಹಳ್ಳಿಗಳಿಂದ ಬೇನೆಬಿದ್ದವರನ್ನು ಹೊತ್ತು ತಂದು ಈ ರಸ್ತೆಯಿಂದಲೇ ಬೆಳಗಾವಿಗೆ ಸಾಗಿಸಬೇಕಾಗುವದು. ಅನಗೋಳದ ಓಣಿಯ ತಾಯಿಯಾಗಲಿ, ಅಡವಿಯ ಹಳ್ಳಿಯ ತಾಯಿಯಾಗಲಿ, ಮಧ್ಯರಾತ್ರಿಯಲ್ಲಿ ಮೈ ಸುಡುವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಾಗ ಏನನ್ನು ಕೇಳುವಳು? ಈ ಕಟ್ಟಡವನ್ನು ಕಟ್ಟಿಸಿದವರು ಯಾರೆಂದು ಕೇಳುವಳೇ? ಇಲ್ಲ. ಒಳಗೆ ನೋಡುವವರು ಯಾರಿದ್ದಾರೆ ಎಂದಷ್ಟೇ ಕೇಳುವಳು. ಆ ಒಂದು ಪ್ರಶ್ನೆಗೆ ಭಕ್ತಸಮಾಜವು ಉತ್ತರ ಕೊಡಬೇಕಾಗಿದೆ.

ಉತ್ತರವು ಎಷ್ಟು ದೊಡ್ಡದೆಂಬದನ್ನು ಗೃಹಸ್ಥರು ತಮ್ಮ ಮನೆಯ ಲೆಕ್ಕದಂತೆಯೇ ಮಾಡಿ ನೋಡಬಹುದು. ದಿನಕ್ಕೆ ಮೂರು ಪಾಳಿ. ವಾರಕ್ಕೆ 21 ಪಾಳಿ. ಒಬ್ಬ ದಾದಿಯು ವಾರಕ್ಕೆ 6 ಪಾಳಿ ದುಡಿದು ಒಂದು ದಿನ ವಿಶ್ರಮಿಸಿದರೆ, ಒಂದೇ ಕೋಣೆಯಲ್ಲಿ ಹಗಲಿರುಳು ಒಬ್ಬಳು ದಾದಿ ಎಚ್ಚರವಾಗಿರಬೇಕೆಂದರೂ ನಾಲ್ವರು ಬೇಕು. ಮೂವರೇ ಇದ್ದಲ್ಲಿ ಯಾವದಾದರೊಂದು ರಾತ್ರಿ ಆ ಕೋಣೆಗೆ ಕಾವಲಿಲ್ಲ. ಎರಡೂವರೆ ಕಿಲೋ ತೂಗದ ಕೂಸಿಗೆ ಮೈ ತಣ್ಣಗಾಗದಂತೆ ನೋಡುವವರು, ಹನಿಹನಿಯಾಗಿ ಹಾಲುಣಿಸುವವರು, ಉಸಿರು ತಡೆದರೆ ಕ್ಷಣಾರ್ಧದಲ್ಲಿ ಎತ್ತಿಕೊಳ್ಳುವವರು ಬೇಕು. ಯಂತ್ರವು ಗಂಟೆ ಬಾರಿಸೀತು. ಓಡಿಬರುವ ಕಾಲುಗಳು ಇಲ್ಲದಿದ್ದರೆ ಆ ಗಂಟೆಯಿಂದ ಫಲವೇನು?

ಸ್ಥಾವರ ಜಂಗಮಗಳ ವಿವೇಕವು ಶರಣಧರ್ಮದ ತಿರುಳು. ನಿಂತದ್ದು ಸ್ಥಾವರ, ಚೈತನ್ಯದಿಂದ ಚಲಿಸುವದು ಜಂಗಮ. ಸಿರಿವಂತರು ಗುಡಿ ಕಟ್ಟಿಸುವದನ್ನು ಕಂಡ ಬಸವಣ್ಣನವರು ಕಲ್ಲಿನ ಕಟ್ಟಡಕ್ಕಿಂತ ಜೀವಂತ ದೇಹವೇ ದೇವರ ನೆಲೆಯೆಂದು ಸಾರಿದರು. ಎಂಟು ಶತಮಾನಗಳಿಗೂ ಮಿಕ್ಕು ಈ ಬೋಧೆಯನ್ನು ಕೇಳುತ್ತ ಬಂದ ಸಮಾಜವು ಇಂದಿಗೂ ದಾನವೆಂದೊಡನೆ ಕಲ್ಲನ್ನೇ ನೆನೆಯುವದು ಸೋಜಿಗವಲ್ಲವೇ? ಕೋಣೆ ಕಟ್ಟಿಸಿದರೆ ಬಾಗಿಲ ಮೇಲೆ ಹೆಸರು ನಿಲ್ಲುವದು. ಮಂಚ ಕೊಟ್ಟರೆ ಮಂಚದ ಮೇಲೆ ಬಣ್ಣದ ಅಕ್ಷರಗಳು ಮೂಡುವವು. ದಾದಿಯ ಒಂದು ತಿಂಗಳ ಪಗಾರ ಕೊಟ್ಟರೆ ಹೆಸರು ಬರೆಯುವದು ಎಲ್ಲಿ? ಆಕೆಯ ಹಣೆಯ ಮೇಲೆ ಬರೆಯಲಾಗುವದಿಲ್ಲ. ಕೊಟ್ಟದ್ದು ತಿಂಗಳು ಮುಗಿಯುವದರೊಳಗೆ ಅಕ್ಕಿಯಾಗಿ, ಬಾಡಿಗೆಯಾಗಿ, ಮಕ್ಕಳ ಶಾಲೆಯ ಶುಲ್ಕವಾಗಿ ಕರಗಿಹೋಗುವದು. ಹೀಗೆ ಕರಗಿಹೋಗುವದರಿಂದಲೇ ಅದು ದಾಸೋಹಕ್ಕೆ ಸಮೀಪವಾದದ್ದು. ಕಟ್ಟಡ ಬೇಡವೆಂದು ಇದರ ಅರ್ಥವಲ್ಲ. ಜೀವವಿಲ್ಲದ ಕಟ್ಟಡವು ಪ್ರಾಣವಿಲ್ಲದ ಅಂಗದಂತೆ ಎಂದಷ್ಟೇ ಅರ್ಥ.

ಬೆಳಗಾವಿಯ ನಾಡಿಗೆ ಈ ಪಾಠವು ಹೊಸದೇನೂ ಅಲ್ಲ. 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದ ಶಿರಸಂಗಿಯ ತ್ಯಾಗವೀರ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಾಗಿಟ್ಟರು. ಆ ದ್ರವ್ಯವು ವಿದ್ಯಾರ್ಥಿವೇತನವಾಗಿ ಬಡ ಹುಡುಗರ ಕೈ ಸೇರಿತು. ಅಂದರೆ ದೇಸಾಯರ ಭಂಡಾರವು ಕಾಲು ಪಡೆದು ಹಳ್ಳಿಹಳ್ಳಿಗೆ ನಡೆಯಿತು. ಮುಂದೆ 1916ರ ನವೆಂಬರ 13ರಂದು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಬೆಳಗಾವಿಯಲ್ಲಿ ಒಂದು ಶಾಲೆಯ ರೂಪದಲ್ಲಿ ಹುಟ್ಟಿದಾಗ, ಅದರ ಮೂಲಧನವೆಂದರೆ ಸಪ್ತರ್ಷಿಗಳೆಂದು ಜನರು ಕರೆಯುವ ಆ ಏಳು ಮಂದಿ. ಮೊದಲು ಮನುಷ್ಯರು ದೊರೆತರು. ಕಟ್ಟಡಗಳು ಅವರನ್ನು ಹಿಂಬಾಲಿಸಿದವು. 1963ರಲ್ಲಿ ಅದೇ ಸಂಸ್ಥೆಯಿಂದ ವೈದ್ಯಕೀಯ ಮಹಾವಿದ್ಯಾಲಯವೂ ತಲೆಯೆತ್ತಿತು.

ಆ ವೈದ್ಯಕೀಯ ಮಹಾವಿದ್ಯಾಲಯದವರು ಹೊರಗಿನ ಧನಸಹಾಯದಿಂದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1620 ಮಂದಿ ಬಾಣಂತಿಯರಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಹೆರಿಗೆಯಾದೊಡನೆ ಹಳ್ಳಿಯ ಸಹಾಯಕ ದಾದಿಯು ತಾಯಿಗೆ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ನುಂಗಿಸಿದಲ್ಲಿ, ಅತಿಯಾದ ರಕ್ತಸ್ರಾವವು ನೂರಕ್ಕೆ 12ರಿಂದ ನೂರಕ್ಕೆ 6.4ಕ್ಕೆ ಇಳಿಯಿತು. ತಾಯಿ ಉಳಿದರೆ ಕೂಸಿಗೆ ಹಾಲುಂಟು; ತಾಯಿ ಹೋದರೆ ಕೂಸಿನ ಗತಿಯನ್ನು ಹೇಳಬೇಕಾಗಿಲ್ಲ. ಗುಳಿಗೆ ಚಿಕ್ಕದು, ಬೆಲೆಯೂ ಅಲ್ಪ. ಆದರೆ ಅದು ತಾನಾಗಿ ನಡೆದು ಗುಡಿಸಲಿಗೆ ಬರುವದಿಲ್ಲ; ದಾದಿಯ ಕೈಯಲ್ಲಿ ಕುಳಿತು ಬರುವದು.

ಇದರಂತೆಯೇ 2009ರಿಂದ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ, ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ ಧನದಿಂದ, ಸುಕ್ಷೇಮವೆಂಬ ಯೋಜನೆ ನಡೆಯಿತು. ಅನುಭವಿಗಳಾದ ದಾದಿಯರನ್ನು ಧರ್ಮದ ಹಣದಿಂದ ನೇಮಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮಾರ್ಗದರ್ಶಿಗಳನ್ನಾಗಿ ಕಳುಹಿಸಿದರು. ಅವರು ತಪ್ಪು ಹುಡುಕುವ ತಪಾಸಣೆಗೆ ಹೋದವರಲ್ಲ. ಅಲ್ಲಿಯ ಸರಕಾರಿ ದಾದಿಯ ಮಗ್ಗುಲಲ್ಲಿ ನಿಂತು, ಹೆರಿಗೆಯ ಹೊತ್ತಿನಲ್ಲಿ ಮಾಡಬೇಕಾದದ್ದನ್ನು ಕೈಹಿಡಿದು ಕಲಿಸಿದರು. ಅನುಭವವುಳ್ಳವರು ಅನುಭವಬೇಕಾದವರ ಬಳಿಗೆ ತಾವೇ ನಡೆದುಹೋಗುವದು ಜಂಗಮದ ಲಕ್ಷಣವಲ್ಲದೆ ಮತ್ತೇನು?

ಇಲ್ಲಿ ಒಂದು ಸಂದೇಹವು ಹುಟ್ಟುವದು ಸಹಜ. ಪಗಾರ ಪಡೆದು ದುಡಿಯುವದು ಸೇವೆಯಾದೀತೇ? ಪಗಾರ ಕೊಡುವದು ದಾಸೋಹವಾದೀತೇ? ಶರಣರಲ್ಲಿ ವೈದ್ಯ ಸಂಗಣ್ಣನವರಿಗೆ ವೈದ್ಯವೃತ್ತಿಯೇ ಕಾಯಕವಾಗಿತ್ತು. ಕಾಯಕದ ಪ್ರತಿಫಲವನ್ನು ಶರಣರು ಎಂದೂ ಹಳಿದವರಲ್ಲ. ಮಿತಿ ಮೀರಿದ ಆಸೆಯನ್ನು ಹಳಿದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಸತಿ ಲಕ್ಕಮ್ಮನವರು ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಹಾಕಿ ಬರುವಂತೆ ಹೇಳಿ ಹಿಂದಿರುಗಿಸಿದರು. ಆದರೆ ಆ ತಾಯಿಯು ನಿತ್ಯದ ಅಕ್ಕಿಯನ್ನು ಬೇಡವೆನ್ನಲಿಲ್ಲ. ಅದರಿಂದಲೇ ದಾಸೋಹ ನಡೆಯುತ್ತಿತ್ತು. ರಾತ್ರಿಯಿಡೀ ಪರರ ಕೂಸನ್ನು ಕಾಯುವ ದಾದಿಯ ಮನೆಯಲ್ಲಿ ಅವಳ ಕೂಸು ಹಸಿದಿರಬೇಕೆಂದು ಬಯಸುವದು ಧರ್ಮವಲ್ಲ. ಸೇವೆಯೆಂಬ ಸಿಹಿ ಮಾತನ್ನು ಹೇಳಿ ಅರೆಪಗಾರದಲ್ಲಿ ದುಡಿಸಿಕೊಳ್ಳುವವನು ದಾಸೋಹಿಯಲ್ಲ, ಸಾಲಗಾರ. ಕೆಲಸಕ್ಕೆ ತಕ್ಕ ಪಗಾರ ಕೊಡುವವನು ಉಪಕಾರ ಮಾಡಿದೆನೆಂದು ಬೀಗಬಾರದು. ಪಡೆಯುವವಳು ಹಂಗಿಗೆ ಬಿದ್ದೆನೆಂದು ಕುಗ್ಗಬಾರದು.

ಇನ್ನೊಂದು ಸಂದೇಹವು ಇದಕ್ಕಿಂತ ಗಟ್ಟಿಯಾದದ್ದು. ಆಸ್ಪತ್ರೆ ನಡೆಸುವದು ಸರಕಾರದ ಹೊಣೆ. ಭಕ್ತರು ಕೈಹಾಕಿದರೆ ಸರಕಾರವು ಕೈಬಿಟ್ಟೀತು ಎನ್ನುವವರುಂಟು. ಧರ್ಮದ ಹಣ ತೀರಿದೊಡನೆ ಬಂದವರು ಹೊರಟುಹೋದರೆ ಕೋಣೆ ಮತ್ತೆ ಬರಿದು ಎನ್ನುವವರೂ ಉಂಟು. ಎರಡೂ ಮಾತು ಸುಳ್ಳಲ್ಲ. ಆದುದರಿಂದಲೇ ಈ ದಾಸೋಹಕ್ಕೆ ಉತ್ಸಾಹವೊಂದೇ ಸಾಲದು, ನಿಯಮವೂ ಬೇಕು. ಒಂದು ವರ್ಷ ಕೊಟ್ಟು ಮರೆಯುವದಕ್ಕಿಂತ, ಇಷ್ಟು ವರ್ಷವೆಂದು ಗೊತ್ತುಮಾಡಿ ತಪ್ಪದೆ ಕೊಡಬೇಕು. ನೇಮಕವಾದವರು ಕೆಲಸ ಮಾಡುವದರೊಂದಿಗೆ ಅಲ್ಲಿಯವರಿಗೆ ಕಲಿಸಿಯೂ ಹೋಗಬೇಕು. ಖಾಲಿಯಿರುವ ಹುದ್ದೆಗಳನ್ನು ತುಂಬಿರೆಂದು ನಾಗರಿಕರಾಗಿ ಸರಕಾರವನ್ನು ಬಿಡದೆ ಕೇಳಬೇಕು. ಆದರೆ ಸರಕಾರದ ಆಜ್ಞೆ ಬರುವವರೆಗೆ ಉಸಿರು ಹಿಡಿದುಕೊಂಡಿರೆಂದು ಕೂಸಿಗೆ ಹೇಳಲಾಗುವದಿಲ್ಲ. ಬಾವಿ ತೋಡುವವರೆಗೆ ನೆರೆಮನೆಯವರು ಕೊಡ ನೀರು ಕೊಡುವದು ಬಾವಿಗೆ ವಿರೋಧವಲ್ಲ.

ಗೃಹಸ್ಥರು ಇದನ್ನು ತಮ್ಮಿಂದಾಗದ ಮಾತೆಂದು ತಿಳಿಯಬಾರದು. ಮದುವೆಯ ಹಂದರಕ್ಕೆ, ಕೂಸಿನ ತೊಟ್ಟಿಲ ಕಾರ್ಯಕ್ಕೆ, ಜಾತ್ರೆಯ ಮದ್ದಿಗೆ ಎಷ್ಟು ವೆಚ್ಚವಾಗುವದು! ಅದರಲ್ಲಿ ಒಂದು ಪಾಲನ್ನು ಎತ್ತಿಟ್ಟರೆ ಒಂದು ಓಣಿಯ ಹತ್ತಿಪ್ಪತ್ತು ಮನೆಗಳು ಕೂಡಿ ಒಬ್ಬ ದಾದಿಯ ತಿಂಗಳನ್ನು ನಡೆಸಬಹುದು. ಕೊಡುವ ಹಣವು ಸತ್ಯಶುದ್ಧ ಕಾಯಕದ್ದಾಗಿರಲಿ. ಕೊಟ್ಟ ಮೇಲೆ ಲೆಕ್ಕ ಕೇಳುವದು ತಪ್ಪಲ್ಲ. ಹೆಸರು ಕೇಳುವದು ತಪ್ಪು. ಆ ಹಾಸಿಗೆಯಲ್ಲಿ ಮಲಗುವ ಕೂಸು ಯಾವ ಜಾತಿಯದು, ಮನೆಯಲ್ಲಿ ಕನ್ನಡ ನುಡಿಯುವದೋ ಮರಾಠಿ ನುಡಿಯುವದೋ ಎಂದು ಕೇಳುವದು ಮಹಾಪರಾಧ. ಶರಣರ ಮಹಾಮನೆಯ ಬಾಗಿಲಲ್ಲಿ ಆ ಪ್ರಶ್ನೆ ಇರಲಿಲ್ಲ.

2021ರಲ್ಲಿ ಪ್ರಕಟವಾದ ಒಂದು ಸಂಶೋಧನೆಯನ್ನು ಇಲ್ಲಿ ನೆನೆಯಬೇಕು. ದಿಲ್ಲಿಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, ಒಂದು ಕಿಲೋದಿಂದ 1.8 ಕಿಲೋದೊಳಗೆ ತೂಗುವ ಶಿಶುಗಳನ್ನು ಹುಟ್ಟಿದೊಡನೆ ತಾಯಿಯ ಎದೆಗೆ ಮೈ ತಾಗುವಂತೆ ಕಟ್ಟಿ ಕಾಪಾಡಿದಾಗ, 28 ದಿನಗಳೊಳಗಿನ ಮರಣವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಔಷಧವಾದದ್ದು ತಾಯಿಯ ಎದೆಯ ಬಿಸುಪು. ಆದರೆ ಹಸಿ ಬಾಣಂತಿಯನ್ನೂ ಆ ಎಳೆಯ ಜೀವವನ್ನೂ ಒಟ್ಟಿಗೆ ಕಾಯಲು ಪಕ್ಕದಲ್ಲಿ ಮತ್ತೊಂದು ಜೀವ ಎಚ್ಚರವಾಗಿರಬೇಕು. ಬಡ ಆಸ್ಪತ್ರೆಯಲ್ಲಿ ಕೊರತೆಯಾಗುವದು ಆ ಎಚ್ಚರವೇ.

ಭಕ್ತನು ಪ್ರತಿದಿನ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು, ಎವೆಯಿಕ್ಕದೆ ನೋಡಿ, ತನ್ನನ್ನು ತಾನು ಮರೆಯುವನು. ನಡುರಾತ್ರಿಯಲ್ಲಿ ದಾದಿಯೊಬ್ಬಳು ಅಂಗೈಯಗಲದ ಕೂಸನ್ನು ಅದೇ ರೀತಿ ಎವೆಯಿಕ್ಕದೆ ನೋಡುತ್ತಿರುವಳು. ಅವಳ ಆ ಪೂಜೆಯು ನಡುವೆ ನಿಲ್ಲದಂತೆ ನೋಡಿಕೊಳ್ಳುವದು ಮನೆಯಲ್ಲಿ ಪೂಜೆಗೆ ಕುಳಿತವನ ಹೊಣೆ. ಆ ಹೊಣೆಯನ್ನು ಹೊತ್ತವನ ಕರಸ್ಥಲದ ಲಿಂಗವು ನಗುವದು; ಹೊರದವನ ಪೂಜೆಯಲ್ಲಿ ಪತ್ರಿ ಪುಷ್ಪಗಳಿದ್ದರೂ ದಾಸೋಹವಿಲ್ಲ. ಈ ಅರಿವು ಭಕ್ತರ ಮನೆಮನೆಗಳಲ್ಲಿ ಆಚಾರವಾಗಿ ನೆಲೆಸಲಿ.