ಪರದೇಶದ ಪ್ರೇಮನಾಟಕಗಳೂ ನಮ್ಮ ಕಣ್ಣೀರೂ

ಕಳೆದ ಮಳೆಗಾಲದಲ್ಲಿ ಕೊಪ್ಪದ ನಮ್ಮ ಮನೆಗೆ ನರಸಿಂಹರಾಜಪುರದಿಂದ ಅಣ್ಣನ ಮೊಮ್ಮಗಳು ಬಂದಿದ್ದಳು. ರಾತ್ರಿಯ ಊಟವಾದ ಮೇಲೆ ಅವಳು ಕೊರಿಯಾ ದೇಶದ ಪ್ರೇಮಕಥೆಯೊಂದನ್ನು ಟೆಲಿವಿಷನ್ನಿನಲ್ಲಿ ಹಚ್ಚಿಕೊಂಡು ನೋಡುವಳು. ನಾನಾದರೋ ಬಹುಕಾಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನು. ಶೃಂಗಾರವು ಕಾಳಿದಾಸನಲ್ಲಿಗೆ ಮುಗಿಯಿತೆಂದು ನಂಬಿದ್ದವನು. ಪಂಚಾಂಗವನ್ನು ಮುಂದಿಟ್ಟುಕೊಂಡು ಮೂಲೆಯಲ್ಲಿ ಕುಳಿತಿದ್ದೆನು. ಆ ಭಾಷೆಯು ತಿಳಿಯದು. ಹೆಸರುಗಳು ನಾಲಗೆಗೆ ಹೊರಳವು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ನನ್ನ ಕನ್ನಡಕವು ಅರ್ಧ ಹಿಡಿಯುವುದು, ಅರ್ಧ ಬಿಡುವುದು. ಹೀಗಿದ್ದರೂ ಸ್ವಲ್ಪ ಹೊತ್ತಿನಲ್ಲಿ ಪಂಚಾಂಗವು ಮುಚ್ಚಿತು, ಕಣ್ಣು ತುಂಬಿತು. ಹುಡುಗಿಯು ಅದನ್ನು ಕಂಡು, “ಅಜ್ಜ, ನೀವೂ ಅತ್ತಿರಾ?” ಎಂದಳು. ಹೊಗೆಯ ಮೇಲೆ ತಪ್ಪು ಹೊರಿಸೋಣವೆಂದರೆ ನಮ್ಮಲ್ಲಿ ಒಲೆಯ ಹೊಗೆ ನಿಂತು ಎಷ್ಟೋ ವರ್ಷಗಳಾದವು.

ನಮಗೆ ಯಾವ ಸಂಬಂಧವೂ ಇಲ್ಲದವರ, ಅಷ್ಟೇಕೆ, ಲೋಕದಲ್ಲಿ ಹುಟ್ಟಿಯೇ ಇಲ್ಲದವರ ದುಃಖಕ್ಕೆ ಅಳುವುದು ಸದ್ಗುಣವೋ, ದೌರ್ಬಲ್ಯವೋ? ಈ ಪ್ರಶ್ನೆಯು ಹೊಸದಲ್ಲ. ನಾಲ್ಕನೆಯ ಶತಮಾನದಲ್ಲಿ ಜನಿಸಿದ ಆಗಸ್ಟೀನನೆಂಬ ಕ್ರೈಸ್ತಸಾಧುವು, ತಾನು ಬಾಲ್ಯದಲ್ಲಿ ವರ್ಜಿಲ್ ಕವಿಯ ಕಾವ್ಯವನ್ನೋದಿ ಡೈಡೋ ರಾಣಿಗಾಗಿ ಅತ್ತುದನ್ನು ನೆನೆದು, ಸ್ವಂತ ಆತ್ಮದ ದುರವಸ್ಥೆಗೆ ಅಳದವನು ಅವಳಿಗಾಗಿ ಅತ್ತೆನಲ್ಲಾ ಎಂದು ಪರಿತಪಿಸಿರುವನು. ನಮ್ಮ ಆಲಂಕಾರಿಕರು ಬೇರೆ ದಾರಿಯನ್ನು ಹಿಡಿದರು. ರಂಗದ ಮೇಲಿನ ಸೀತೆಯು ಜನಕನ ಮಗಳಾಗಿಯೇ ಉಳಿಯದೆ ಸರ್ವಸಾಮಾನ್ಯಳಾಗುವಳೆಂದೂ, ಆಗ ಪ್ರೇಕ್ಷಕನು ‘ಇದು ನನ್ನದು, ಇದು ಪರರದು’ ಎಂಬ ಗಂಟನ್ನು ಬಿಚ್ಚಿ ರಸವನ್ನು ಸವಿಯುವನೆಂದೂ ಭಟ್ಟನಾಯಕನ ಮತವು. ಇದನ್ನೇ ಅವನು ಸಾಧಾರಣೀಕರಣವೆಂದನು. ಪಾಠಶಾಲೆಯಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದಿದ್ದೆನೇ ಹೊರತು, ಅದು ಕೊರಿಯಾದವರೆಗೂ ನಡೆಯತಕ್ಕ ಮಾತೆಂದು ಎಣಿಸಿರಲಿಲ್ಲ. ಇಬ್ಬರು ಹೇಳುವುದೂ ಸತ್ಯವಾಗಿರಬಹುದೆಂಬುದು ಈಗಿನ ನನ್ನ ಅನುಮಾನವು. ಅದನ್ನು ಮುಂದೆ ಹೇಳುವೆನು.

ಈ ನಾಟಕಗಳನ್ನು ಹೊಸದಾಗಿ ನೋಡತೊಡಗುವವರು ಯಾವುದರಿಂದ ಆರಂಭಿಸಬೇಕೆಂದು ಕೆಲವು ಗೃಹಸ್ಥರು ನನ್ನನ್ನು ಕೇಳಿರುವರು. ನಮ್ಮ ಸೀಮೆಗೆ ಇದು ಸಹಜವಾದ ಪ್ರಶ್ನೆಯೇ ಸರಿ. ಸ್ತ್ರೀಯೆಂಬುವಳನ್ನೇ ಕಂಡರಿಯದೆ ಬೆಳೆದ ಋಷ್ಯಶೃಂಗನ ಹೆಸರು ಶೃಂಗೇರಿಗಿರುವುದು, ಕಿಗ್ಗದಲ್ಲಿ ಅವನ ದೇವಾಲಯವೂ ಇರುವುದು! ಶಾಸ್ತ್ರಕ್ಕಿರುವಂತೆ ನಾಟಕಕ್ಕೂ ಅಧಿಕಾರಿಭೇದವುಂಟು. 2002ರಲ್ಲಿ ಬಂದು, ಮರುವರ್ಷ ಜಪಾನನ್ನು ಅಳಿಸಿದ ‘ವಿಂಟರ್ ಸೊನಾಟಾ’ವು ಪ್ರಸಿದ್ಧವಾದುದೇನೋ ಹೌದು. ಅದರಲ್ಲಿ ನಾಯಕನು ಅಪಘಾತದ ತರುವಾಯ ತನ್ನ ಹಳೆಯ ಪ್ರೀತಿಯನ್ನು ಮರೆತುಬಿಡುವನು. ದುಷ್ಯಂತನ ಮರೆವಿಗೆ ದೂರ್ವಾಸರ ಶಾಪವಿದ್ದಂತೆ ಇಲ್ಲಿ ಮೋಟಾರು ಗಾಡಿಯಿರುವುದು. ನಾಯಕನಿಗೆ ಕಳಂಕ ತಟ್ಟದಿರಲೆಂಬ ಉಪಾಯವು ಎರಡೂ ಕಡೆ ಒಂದೇ. ಆದರೆ ಮೊದಲ ಬಾರಿಗೆ ಅಷ್ಟು ಕಣ್ಣೀರು ಅಜೀರ್ಣವಾದೀತು. 2019-20ರ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ಎಂಬುದರಲ್ಲಿ ದಕ್ಷಿಣದ ಸಿರಿವಂತೆಯೊಬ್ಬಳು ಬಿರುಗಾಳಿಗೆ ಸಿಕ್ಕಿ ಉತ್ತರದ ಸೀಮೆಯಲ್ಲಿ ಬೀಳುವಳು. ಸೈನ್ಯಾಧಿಕಾರಿಯೊಬ್ಬನು ಅವಳನ್ನು ಬಚ್ಚಿಟ್ಟು ಕಾಪಾಡುವನು. ದೇಶವು ಎರಡಾದ ನೋವು ಅದರ ಒಳಗಿನ ವಿಪ್ರಲಂಭಕ್ಕೆ ಕಾರಣವಾದುದರಿಂದ ಅದಕ್ಕೆ ತೂಕವಿದೆ. ಮನೆಮಂದಿಯೆಲ್ಲ ಕೂಡಿ ನೋಡುವುದಾದರೆ 2021ರ ‘ಹೋಮ್‌ಟೌನ್ ಚಾ ಚಾ ಚಾ’ ಉತ್ತಮವು. ಪಟ್ಟಣದ ದಂತವೈದ್ಯೆಯು ಕಡಲತೀರದ ಹಳ್ಳಿಗೆ ಬರುವ ಕಥೆಯು. ಅಲ್ಲಿಯ ಮುದುಕಿಯರನ್ನು ನೋಡಿದರೆ ನಮ್ಮ ಕೇರಿಯವರೇ ಎನ್ನಿಸುವುದು. ಇವೆರಡಕ್ಕೂ ಹದಿನಾರೇ ಕಂತುಗಳು. ಮುಖಸಂಧಿಯಿಂದ ಹೊರಟದ್ದು ನಿರ್ವಹಣಸಂಧಿಯನ್ನು ಮುಟ್ಟಿ ನಿಲ್ಲುವುದು. ವರ್ಷಾನುಗಟ್ಟಲೆ ಎಳೆಯುವ ನಮ್ಮ ಧಾರಾವಾಹಿಗಳ ಅತ್ತೆಸೊಸೆಯರಿಗೆ ಈ ಭಾಗ್ಯವಿಲ್ಲ.

ನನ್ನನ್ನು ಅಳಿಸಿದುದಾದರೋ ಇವಾವುವೂ ಅಲ್ಲ. ಅದು 2025ರ ಮಾರ್ಚಿಯಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’ ಎಂಬುದು. ಜೇಜು ದ್ವೀಪದಲ್ಲಿ ಹೆಂಗಸರು ಉಸಿರು ಬಿಗಿಹಿಡಿದು ಕಡಲಿಗೆ ಮುಳುಗಿ ಸಿಂಪಿ ಮುಂತಾದುವನ್ನು ತಂದು ಸಂಸಾರ ಸಾಕುವರು. ಅಂತಹ ತಾಯಿಯೊಬ್ಬಳ ಮಗಳು ಏಸುನ್. ಗ್ವಾನ್‌ಸಿಕ್ ಎಂಬ ಮಿತಭಾಷಿಯು ಅವಳನ್ನು ವರಿಸುವನು. ಪ್ರೇಮನಾಟಕಗಳು ಸಾಮಾನ್ಯವಾಗಿ ಮದುವೆಗೆ ಮುಗಿದರೆ ಇದು ಮದುವೆಯಾದ ಮೇಲೆ ಮುಪ್ಪಿನವರೆಗೆ ನಡೆಯುವುದು. ಅವನ ಮನೆಯಲ್ಲಿ ಗಂಡಸರಿಗೆ ಒಂದು ಊಟದ ಮಣೆ, ಹೆಂಗಸರಿಗೆ ಬೇರೊಂದು. ಒಂದು ದಿನ ಅವನು ಮಾತಿಲ್ಲದೆ ಕುಳಿತಲ್ಲಿಯೇ ಹಿಂದಿರುಗಿ, ಗಂಡಸರ ಮಣೆಗೆ ಬೆನ್ನು ಹಾಕಿ, ಹೆಂಡತಿಯ ಕಡೆಗೆ ಮುಖ ಮಾಡಿ ಉಣ್ಣತೊಡಗುವನು. ಇಷ್ಟೇ. ಭಾಷಣವಿಲ್ಲ, ಪ್ರತಿಜ್ಞೆಯಿಲ್ಲ.

ವಾಚಕರು ನಗಬಾರದು. ನಮ್ಮ ಮನೆಯಲ್ಲಿ ಗಂಡಸರ ಪಂಕ್ತಿಯು ಎದ್ದ ಮೇಲೆಯೇ ಹೆಂಗಸರು ಎಲೆ ಹಾಕಿಕೊಳ್ಳುವುದು. ಅತಿಥಿಗಳಿಲ್ಲದ ದಿನವೂ ಅದೇ ಕ್ರಮವು. ನನ್ನ ಗೃಹಿಣಿಯು ಈ ಮನೆಗೆ ಬಂದು ನಲವತ್ತೊಂದು ವರ್ಷಗಳಾದವು. ಅವಳು ಊಟ ಮಾಡುವುದನ್ನು ನಾನು ಕುಳಿತು ನೋಡಿದವನಲ್ಲ. ಯಾವ ಪಲ್ಯವು ಅವಳಿಗೆ ರುಚಿಯೆಂಬುದನ್ನೂ ತಿಳಿದವನಲ್ಲ. ತಾಳಮದ್ದಳೆಯಲ್ಲಿ ಕರ್ಣನ ಅರ್ಥವನ್ನು ಕೇಳಿ ಅತ್ತಿರುವೆನು, ಶಾಕುಂತಲದ ನಾಲ್ಕನೆಯ ಅಂಕವನ್ನು ಪಾಠ ಹೇಳುವಾಗ ಗಂಟಲು ಕಟ್ಟಿರುವುದು. ಆ ಹೊತ್ತಿಗೆಲ್ಲ ಅವಳು ಒಳಗೆ ತಣ್ಣಗಾದ ಸಾರಿನಲ್ಲಿ ಉಣ್ಣುತ್ತಿದ್ದಳು. ಆಗಸ್ಟೀನನ ಮಾತು ನನಗೆ ತಾಕಿದುದು ಇಲ್ಲಿ. ಆದರೆ ಭಟ್ಟನಾಯಕನನ್ನೂ ಬಿಡಲಾಗದು. ಏಕೆಂದರೆ ಆ ಮಣೆಯು ಕೊರಿಯಾದವರದಾಗಿ ಉಳಿಯದೆ ನಮ್ಮದೂ ಆದುದರಿಂದಲೇ ಅಲ್ಲವೆ, ನಮ್ಮ ಅಡಿಗೆಮನೆಯ ಬಾಗಿಲು ನನಗೆ ಕಂಡದ್ದು? ನಾಟಕದ ಕಣ್ಣೀರು ಕರುಣೆಯನ್ನು ಬತ್ತಿಸುವುದೆಂಬ ವಾದವನ್ನು ಆದುದರಿಂದ ಪೂರ್ತಿ ಒಪ್ಪಲಾರೆನು. ಕಾಳಿದಾಸನು ಮಾಡದ್ದನ್ನು ಈ ನಾಟಕವು ಮಾಡಿತೇ ಎಂದರೆ, ದೋಷವು ಕಾಳಿದಾಸನದಲ್ಲ. ಅವನನ್ನು ನಾನು ಪಾಠಕ್ಕೆಂದು ಓದಿದ್ದೆನು.

ಮರುದಿನ ಮಧ್ಯಾಹ್ನ ಎರಡು ಎಲೆಗಳನ್ನು ಎದುರುಬದುರಾಗಿ ನಾನೇ ಹಾಕಿದೆನು. ಅವಳು ಸೌಟನ್ನು ಹಿಡಿದುಕೊಂಡು ಬಂದು ನೋಡಿ, “ಯಾರು ಬರುತ್ತಾರೆ?” ಎಂದು ಕೇಳಿದಳು. ಯಾರೂ ಇಲ್ಲ, ನಿನಗೆ ಎಂದೆನು. “ಹಾಗಾದರೆ ನಿಮಗೆ ಬಡಿಸುವವರು ಯಾರು?” ಎಂದಳು. ಉತ್ತರವು ಹೊಳೆಯಲಿಲ್ಲ. ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟುಕೊಂಡು ಕುಳಿತೆವು. ಮಜ್ಜಿಗೆಯನ್ನು ನಾನು ಬಡಿಸುವಾಗ ಅವಳ ಎಲೆಯ ಹೊರಗೆ ಅಷ್ಟು ಚೆಲ್ಲಿತು. ಹುಡುಗಿಯು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.