ಕೇಳಿದವರು ಯಾರು?

ಪ್ರಶ್ನೆ ಕೇಳಿದವರು ಯಾರೆಂದು ತಿಳಿಯದೆ ಉತ್ತರ ಕೊಡಬಹುದೇ? ಇದೆಂಥ ಚಿಂತೆ ಎನ್ನಬೇಡಿ. ನಮ್ಮ ಹಿಟ್ನಾಳದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ಮನೆಗೆಲಸ ಮುಗಿಸಿ ಕಂಪ್ಯೂಟರ್ ಮುಂದೆ ಕುಳಿತು ಯಾವುದೋ ದೇಶದ ವಿದ್ಯಾರ್ಥಿ ಕಳಿಸಿದ ಲೆಕ್ಕ ಬಿಡಿಸುತ್ತಾಳೆ. ಯಾರಿಗೆ ಯಾವ ವಿಷಯ ಗೊತ್ತು, ಯಾರು ಈಗ ಬಿಡುವಾಗಿದ್ದಾರೆ ಎಂದು ಯಂತ್ರವೇ ನೋಡಿ ಪ್ರಶ್ನೆ ಹಂಚುತ್ತದೆ. ಕೊಟ್ಟ ಸಮಯದೊಳಗೆ ಬರೆದರೆ ದುಡ್ಡು. ಇಲ್ಲವಾದರೆ ಅದು ಇನ್ನೊಬ್ಬರ ಪಾಲು.

ದುಡ್ಡಿನ ಬಗ್ಗೆ ನನ್ನ ತಕರಾರಿಲ್ಲ. ವಿದ್ಯೆ ಮಾರಬಾರದೆಂದು ಉಪದೇಶಿಸುವ ಗಂಡಸರನ್ನು ಬೇಕಾದಷ್ಟು ಕಂಡಿದ್ದೇನೆ. ಸಂಬಳ ಬೇಡವೆಂದವರನ್ನು ಕಂಡಿಲ್ಲ. 2005ರಲ್ಲಿ ಬೆಂಗಳೂರಿನಲ್ಲಿ ಕೆ. ಗಣೇಶ್ ಅವರು ಟ್ಯೂಟರ್‌ವಿಸ್ಟಾ ಶುರು ಮಾಡಿದಾಗ ತಿಂಗಳಿಗೆ ಸುಮಾರು 100 ಡಾಲರಿಗೆ ಅಮೆರಿಕದ ಮಕ್ಕಳಿಗೆ ಇಲ್ಲಿನ ಶಿಕ್ಷಕರು ಮನೆಯಿಂದಲೇ ಪಾಠ ಹೇಳಿದರು. ಆದರೆ ಅಲ್ಲಿ ಮಗುವಿನ ದನಿಯಾದರೂ ಕಿವಿಗೆ ಬೀಳುತ್ತಿತ್ತು.

ಈಕೆಗೆ ಬರುವುದು ಬರೀ ಪ್ರಶ್ನೆ. ಒಂದೊಂದರ ಪಕ್ಕದಲ್ಲಿ ಅಂಕಗಳೂ ಇರುತ್ತವಂತೆ. ಯಾರೋ ಪರೀಕ್ಷೆಗೆ ಕುಳಿತೇ ಕೇಳುತ್ತಿರಬಹುದೆಂದು ಅವಳ ಗುಮಾನಿ. "ಯಾಕ ಬೇಕು ಅಂತ ಕೇಳಾಕ ಅಲ್ಲಿ ಜಾಗಾನ ಇಲ್ರಿ ಅಕ್ಕೋರ" ಎಂದಳು.

ನನ್ನನ್ನು ಕಾಡುವುದು ಅದೇ. ನಮ್ಮೂರ ಕಡೆ ಗೊಬ್ಬರದ ಅಂಗಡಿಯವನು ಕೂಡ ಎಣ್ಣೆ ಡಬ್ಬಿ ಕೊಡುವ ಮುನ್ನ ಯಾವ ಬೆಳೆ, ಎಷ್ಟು ದಿನದ್ದು ಎಂದು ವಿಚಾರಿಸುತ್ತಾನೆ. ಪ್ರಶ್ನೋಪನಿಷತ್ತಿನಲ್ಲಿ ಆರು ಜನ ಪಿಪ್ಪಲಾದನ ಬಳಿ ಬಂದಾಗ ಆತ, ಒಂದು ವರ್ಷ ಇಲ್ಲಿದ್ದು ಆಮೇಲೆ ಕೇಳಿ, ಗೊತ್ತಿದ್ದರೆ ಹೇಳುತ್ತೇನೆ ಎಂದನಂತೆ. ವರ್ಷ ಬೇಡ, ಒಂದು ಮಾತು ಮರಳಿ ಕೇಳುವಷ್ಟು ಅವಕಾಶ ಉತ್ತರಿಸುವವಳಿಗೆ ಬೇಡವೇ? ಹಾಗಂತ ಗುರುತಿಲ್ಲದವರಿಗೆ ಹೇಳುವುದೇ ತಪ್ಪೆನ್ನಲಾರೆ. ತರಗತಿಯಲ್ಲಿ ನಗುತ್ತಾರೆಂದು ಬಾಯಿ ಬಿಡದ ಹುಡುಗಿಗೆ ಅಪರಿಚಿತರೇ ಆಸರೆ. ಕೇಳುವವರ ಹೆಸರು ಮರೆಯಲ್ಲಿರಲಿ. ಆದರೆ ಅದು ತಿಳಿಯದೆಂಬ ಮಾತ್ರಕ್ಕೆ ಉತ್ತರದ ಹೊಣೆ ಯಂತ್ರದ ತಲೆಗೆ ಹೋಗುವುದಿಲ್ಲ.

ಅಂಕ ಬರೆದ ಪ್ರಶ್ನೆಗಳನ್ನು ಬಿಟ್ಟುಬಿಡು ಎಂದೆ. ಈಗ ಬಿಡುತ್ತಾಳೆ. ಬಿಟ್ಟರೆ ಅದು ಮತ್ತೊಬ್ಬರಿಗೆ ಹೋಗುತ್ತದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಆ ದುಡ್ಡಿನಲ್ಲೇ ಬರುತ್ತದೆ. ಈ ತಿಂಗಳು ಎಷ್ಟು ಕಡಿಮೆ ಬಂತೆಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ.