ತ್ಯಾಗ ಯಾರ ಮಾತು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆ ಹುಟ್ಟಿ ಬೆಳೆದ ನಮ್ಮಂಥ ಹೆಣ್ಣುಮಕ್ಕಳಿಗೆ ಸಮುದ್ರವೆಂದರೆ ಗೋಕರ್ಣಕ್ಕೆ ಹೋದಾಗ ಕಾಲು ತೋಯಿಸಿಕೊಂಡು ಬರುವ ನೀರು. ಬಂದರಿಗೂ ನಮಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಅಡುಗೆಮನೆಯಲ್ಲಿ ನಿಂತು ನೋಡಿದರೆ ಸಂಬಂಧ ತಾನಾಗಿ ತಿಳಿಯುತ್ತದೆ. ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ ಹಡಗಿನಲ್ಲಿ ಬರುತ್ತದೆ. ದೇಶದಲ್ಲಿ ಉರಿಯುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ನಮ್ಮ ಕಬ್ಬಿಗೆ ಹಾಕುವ ಪೊಟ್ಯಾಷ್ ಗೊಬ್ಬರವೂ ಕಡಲು ದಾಟಿಯೇ ಬರಬೇಕು.

ಈ ನಂಟು ಇಂದಿನದಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದೆ ಹೋದಾಗ, ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂತು. ಅದು ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ನೆಲದ ಹೆಸರು ಬಿಟ್ಟು ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಎಂದೇ ಕರೆದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಬಂದರಿನ ಲೆಕ್ಕಾಚಾರವಿತ್ತು.

ಹಾಗಾಗಿ ಬಂದರು ಬೇಡ ಎನ್ನುವವಳು ನಾನಲ್ಲ. ಬಂದರಿಗೆ ಆಳವಾದ ನೀರು ಬೇಕು, ಅಲೆ ತಡೆಯುವ ಗೋಡೆ ಬೇಕು, ಸರಕು ಇಳಿಸಲು ಬಯಲು ಬೇಕು, ಘಟ್ಟ ಹತ್ತುವ ರಸ್ತೆ ಬೇಕು. ತೊಡಕೆಂದರೆ, ಇಷ್ಟೆಲ್ಲ ಒದಗುವ ಜಾಗದಲ್ಲಿ ಮೊದಲೇ ಯಾರೋ ಬಾಳುತ್ತಿರುತ್ತಾರೆ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದಕ್ಕಾಗಿ ಎದ್ದುಹೋದ ಕುಟುಂಬಗಳು ಕಾಟಿಪಳ್ಳದಲ್ಲಿ ಹೊಸದಾಗಿ ಒಲೆ ಹೂಡಬೇಕಾಯಿತು. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆ ಬೇಡವೆಂದು ಮೀನುಗಾರರು ಬೀದಿಗಿಳಿದರು. ಅಂಕೋಲೆಯ ಕೇಣಿಯಲ್ಲಿ 4,119 ಕೋಟಿ ರೂಪಾಯಿಯ ಹೊಸ ಬಂದರಿಗೆ 2023ರಲ್ಲಿ ಒಪ್ಪಿಗೆಪತ್ರ ಸಿಕ್ಕಿತು. 2025ರಲ್ಲಿ ಅಲ್ಲಿಯ ಮೀನುಗಾರರೂ ಬೇಡವೆಂದರು.

ಇಂಥ ಸುದ್ದಿ ಪೇಪರಿನಲ್ಲಿ ಬಂದಾಗ ನಮ್ಮ ಕಡೆ ಚಹಾ ಕುಡಿಯುತ್ತ ಒಂದು ಮಾತು ಆಡುತ್ತಾರೆ: "ನಾಡಿಗೆ ಒಳ್ಳೇದಾಗತೈತಿ ಅಂದ್ರ ಅವರೂ ಒಂದೀಟು ತ್ಯಾಗ ಮಾಡಬೇಕ್ರಿ." ಈ ಮಾತನ್ನು ನಾವು ಆಡಬಹುದೇ?

ಆಲಮಟ್ಟಿಯ ಹಿನ್ನೀರು ಬಂದಾಗ ಬೀಳಗಿ ಸೀಮೆಯ ಊರುಗಳು ಮುಳುಗಿದವು. ಹೊಲ, ಗುಡಿ, ಹಿರಿಯರ ಗದ್ದುಗೆ ಎಲ್ಲ ನೀರಿಗೆ ಹೋದವು. ಆಗಲೂ ಸಭೆಗಳಲ್ಲಿ ನಮ್ಮವರನ್ನು ತ್ಯಾಗಿಗಳೆಂದು ಹೊಗಳಿದರು. ಮುಳುಗಡೆಯ ಊರಿನಿಂದ ಬಂದ ನಮ್ಮ ಓಣಿಯ ಅಜ್ಜಿಯೊಬ್ಬಳು ಹೇಳುತ್ತಿದ್ದಳು: "ರೊಕ್ಕಾ ಕೊಟ್ಟಾರವ್ವಾ, ಇಲ್ಲ ಅನ್ನೂದಿಲ್ಲ. ಆದ್ರ ನಾ ತ್ಯಾಗಾ ಮಾಡೀನಂತ ಯಾವಾಗ ಅಂದೀನಿ? ನನ್ನ ಯಾರು ಕೇಳ್ಯಾರ?"

ಅಜ್ಜಿಯ ಮಾತಿನಲ್ಲಿ ಒಂದು ಧರ್ಮಸೂಕ್ಷ್ಮವಿದೆ. ತ್ಯಾಗವೆಂಬುದು ಕೊಡುವವರು ಆಡಬೇಕಾದ ಮಾತು. ಬೇಡವೆನ್ನುವ ಅವಕಾಶ ಇದ್ದೂ ಕೊಟ್ಟರೆ ಮಾತ್ರ ಅದು ತ್ಯಾಗ. ತೆಗೆದುಕೊಳ್ಳುವವರೇ ಆ ಮಾತಾಡಿದರೆ, ತಮ್ಮ ಮೇಲಿನ ಋಣವನ್ನು ಕೊಟ್ಟವರ ಪುಣ್ಯವೆಂದು ಬರೆದು ಕೈತೊಳೆದುಕೊಂಡಂತೆ. ಇದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆಯನ್ನು ತ್ಯಾಗಮಯಿ ಎನ್ನುವವರು ಯಾರು? ಹೊಟ್ಟೆ ತುಂಬಿದವರೇ ಅಲ್ಲವೇ?

ಹೆಚ್ಚು ಜನರಿಗೆ ಒಳ್ಳೆಯದಾಗುವಾಗ ಕೆಲವರು ಸಹಿಸಬೇಕು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಹಾಗಿಲ್ಲದಿದ್ದರೆ ಕಾಲುವೆಯೂ ಇಲ್ಲ, ರಸ್ತೆಯೂ ಇಲ್ಲ. ಆದರೆ ಲೆಕ್ಕ ಪೂರ್ತಿ ಆಗಬೇಕು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಕೃಷ್ಣಾ ಮುಳುಗಡೆಯ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ಹೊಲವಿದ್ದವರಿಗೆ ಇದು ನ್ಯಾಯವೇ. ಆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಕೂಲಿ ಹೆಣ್ಣುಮಗಳ ಹೆಸರಿನಲ್ಲಿ ಎಕರೆ ಎಲ್ಲಿದೆ? ಕಡಲ ದಂಡೆಯಲ್ಲಿ ಈ ಪ್ರಶ್ನೆ ಇನ್ನೂ ಬಿಗಿ. ಸಮುದ್ರಕ್ಕೆ ಉತಾರವಿಲ್ಲ. ಮರಳಿನ ಮೇಲೆ ಮೀನು ಒಣಗಿಸಿ, ಬುಟ್ಟಿ ಹೊತ್ತು ಮಾರಿ ಮನೆ ನಡೆಸುವವಳಿಗೆ ಆ ಮರಳು ತನ್ನದೆಂದು ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಕಾಗದವಿಲ್ಲದ ನಷ್ಟ ಪರಿಹಾರದ ಪಟ್ಟಿಗೆ ಸುಲಭವಾಗಿ ಹತ್ತುವುದಿಲ್ಲ.

ಹಾಗಾದರೆ ದೂರದಲ್ಲಿರುವ ನಾವು ಏನು ಮಾಡಬಲ್ಲೆವು? ಬಂದರು ಕಟ್ಟುವುದೂ ನಿಲ್ಲಿಸುವುದೂ ನಮ್ಮ ಕೈಯಲ್ಲಿಲ್ಲ. ಆದರೆ ಬೇಡವೆನ್ನುವವರನ್ನು ಹಟಮಾರಿಗಳೆಂದು ಜರೆಯದೆ ಇರುವುದು ನಮ್ಮ ಕೈಯಲ್ಲಿದೆ. ಗೋಡೆ ಎದ್ದ ಮೇಲಲ್ಲ, ಮೊದಲೇ ಅವರನ್ನು ಕೇಳಿದಿರಾ, ಬುಟ್ಟಿ ಹೊರುವವಳನ್ನೂ ಎಣಿಸಿದಿರಾ ಎಂದು ಓಟು ಕೇಳಲು ಬಂದವರನ್ನು ವಿಚಾರಿಸುವುದೂ ನಮ್ಮ ಕೈಯಲ್ಲಿದೆ. ಮುಳುಗಡೆ ಕಂಡ ಸೀಮೆಯವರು ಕೇಳದಿದ್ದರೆ ಮತ್ಯಾರು ಕೇಳಬೇಕು? ಹಡಗಿನಲ್ಲಿ ಬಂದದ್ದನ್ನು ಉಣ್ಣೋಣ. ಅದಕ್ಕೆ ಜಾಗ ಬಿಟ್ಟವರನ್ನು ಮಾತ್ರ ನಾವಾಗಿಯೇ ತ್ಯಾಗಿಗಳೆಂದು ಕರೆಯುವುದು ಬೇಡ. ನಾವು ಅವರ ಋಣದಲ್ಲಿದ್ದೇವೆ ಎನ್ನೋಣ.